ನಿಮ್ಮ ‘ಹೌದು’ ಅವರ ಕಿವಿಗೆ ಹೇಗೆ ಕೇಳಿಸುತ್ತದೆ?

ವಿದೇಶಿ ಸಹೋದ್ಯೋಗಿಗಳೊಡನೆ ಮಾತುಕತೆಯಲ್ಲಿ ಆಗುವ ಎಡವಟ್ಟುಗಳ ಬಗ್ಗೆ ಬಂದ ಪತ್ರಗಳಲ್ಲಿ ಮೂರನ್ನು ಈ ಸಲ ಆರಿಸಿಕೊಂಡಿದ್ದೇನೆ. ಮೂವರೂ ಹೆಸರು ಬೇಡವೆಂದಿದ್ದಾರೆ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಮ್ಯಾನೇಜರ್ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. ‘ಶುಕ್ರವಾರದೊಳಗೆ ಮುಗಿಯುತ್ತದೆಯೇ?’ ಎಂದು ಅವರು ಕೇಳಿದಾಗ ‘ಯೆಸ್, ಐ ವಿಲ್ ಟ್ರೈ’ ಎಂದೆ. ಮುಗಿಯಲಿಲ್ಲ. ಸೋಮವಾರ ಇಡೀ ತಂಡದ ಎದುರು, ‘ಒಪ್ಪಿಕೊಂಡದ್ದು ಆಗಿಲ್ಲ, ಇದು ಸರಿಯಲ್ಲ’ ಎಂದುಬಿಟ್ಟರು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಅವರಿಗೆ ನಮ್ಮವರೆಂದರೆ ತಾತ್ಸಾರವೇ?
— ಓದುಗರು, ಬೆಂಗಳೂರು

ಉತ್ತರ: ಆ ಮ್ಯಾನೇಜರ್ ಎಂಥವರೆಂದು ನಿಮ್ಮ ಒಂದು ಪತ್ರದಿಂದ ತೀರ್ಮಾನಿಸಲಾರೆ. ಆದರೆ ನೀವು ಬರೆದಿರುವ ಘಟನೆಯಲ್ಲಿ ನನಗೆ ತಾತ್ಸಾರ ಕಾಣಲಿಲ್ಲ. ಒಂದೇ ‘ಯೆಸ್’ ಇಬ್ಬರಿಗೆ ಎರಡು ಬಗೆಯಾಗಿ ಕೇಳಿಸಿದ್ದು ಕಂಡಿತು.

ನಮ್ಮಲ್ಲಿ ‘ನೋಡೋಣ’, ‘ಪ್ರಯತ್ನ ಮಾಡ್ತೀನಿ ಸರ್’ ಎಂದರೆ ಅದರೊಳಗೆ ಅರ್ಧ ನಿರಾಕರಣೆ ಅಡಗಿರುತ್ತದೆಂಬುದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಮದುವೆಗೆ ಕರೆಯಲು ಬಂದವರಿಗೆ ‘ಬರೋದಿಲ್ಲ’ ಎಂದು ಮುಖಕ್ಕೆ ಹೇಳದವರು, ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನಿ’ ಎನ್ನುವವರು ನಾವು. ದನಿ ಎಳೆದ ರೀತಿಯಲ್ಲಿ, ತಲೆಯಾಡಿಸಿದ ಬಗೆಯಲ್ಲಿ ಉಳಿದ ಅರ್ಥ ತಲುಪಿಬಿಡುತ್ತದೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ಇದನ್ನೇ ವಿವರಿಸುತ್ತ, ಕೆಲವು ಸಮಾಜಗಳಲ್ಲಿ ಅರ್ಥದ ಹೆಚ್ಚಿನ ಪಾಲು ಸಂದರ್ಭದಲ್ಲಿರುತ್ತದೆ, ಇನ್ನು ಕೆಲವಲ್ಲಿ ಆಡಿದ ಪದಗಳಲ್ಲೇ ಇರುತ್ತದೆ ಎಂದಿದ್ದರು. ಜರ್ಮನ್ನರನ್ನು ಅವರು ಎರಡನೆಯ ಗುಂಪಿನಲ್ಲಿಟ್ಟರು. ನಿಮ್ಮ ಮ್ಯಾನೇಜರ್ ‘ಯೆಸ್’ ಎಂಬುದನ್ನು ಕೇಳಿಸಿಕೊಂಡರು, ‘ಟ್ರೈ’ ಎಂಬುದನ್ನು ಬರಿಯ ವಿನಯವೆಂದು ಬಿಟ್ಟರು. ನಿಮ್ಮ ಮಟ್ಟಿಗೆ ‘ಟ್ರೈ’ ಎಂಬುದೇ ಉತ್ತರವಾಗಿತ್ತು.

ಇನ್ನೊಂದು ಕಾರಣ ಮೇಲು-ಕೆಳಗಿನದು. ಹಿರಿಯ ಅಧಿಕಾರಿಗೆ ನೇರವಾಗಿ ‘ಆಗುವುದಿಲ್ಲ’ ಎನ್ನಲು ನಮ್ಮ ನಾಲಗೆ ಏಳುವುದಿಲ್ಲ. ಡಚ್ ಸಂಶೋಧಕ ಗೀರ್ಟ್ ಹಾಫ್‌ಸ್ಟೆಡ್, 1967ರಿಂದ 1973ರ ನಡುವೆ ಐಬಿಎಂ ಕಂಪನಿಯ ನೌಕರರಲ್ಲಿ ನಡೆದ ಸಮೀಕ್ಷೆಗಳನ್ನು ಆಧರಿಸಿ ಅಧಿಕಾರದ ಅಂತರಕ್ಕೊಂದು ಸೂಚ್ಯಂಕ ರೂಪಿಸಿದರು. ಅಂಕ ಹೆಚ್ಚಿದಷ್ಟೂ ಮೇಲಿನವರಿಗೂ ಕೆಳಗಿನವರಿಗೂ ನಡುವಿನ ಅಂತರ ಹೆಚ್ಚೆಂದು ಲೆಕ್ಕ. ಅದರಲ್ಲಿ ಭಾರತದ ಅಂಕ 77, ಜರ್ಮನಿಯದು 35. ಒಂದೇ ಕಂಪನಿಯ ನೌಕರರಿಂದ ಇಡೀ ದೇಶವನ್ನು ಅಳೆಯುವುದು ಎಷ್ಟು ಸರಿ ಎಂಬ ಆಕ್ಷೇಪ ಹಳೆಯದು, ನನಗೂ ಅದು ಒಪ್ಪಿಗೆ. ನಿಮ್ಮ ಮ್ಯಾನೇಜರ್ 35 ಎಂಬ ಅಂಕವಲ್ಲ, ಒಬ್ಬ ಮನುಷ್ಯ. ಆದರೂ ಕೆಳಗಿನವರು ‘ಇದು ಸಾಧ್ಯವಿಲ್ಲ’ ಎಂದು ಬಾಯಿಬಿಟ್ಟು ಹೇಳುತ್ತಾರೆಂದು ಅವರು ನಿರೀಕ್ಷಿಸಿದ್ದರು, ನೀವು ಹೇಳಲಿಲ್ಲ, ಆದ್ದರಿಂದ ಸಾಧ್ಯವಿದೆಯೆಂದು ನಂಬಿದರು ಎಂಬ ಸರಣಿ ಇಲ್ಲಿ ಸ್ಪಷ್ಟವಾಗಿದೆ.

ಎಲ್ಲರೆದುರು ಆಡಿದ ಮಾತಿಗೆ ಬರುತ್ತೇನೆ. ಜರ್ಮನ್ನರಲ್ಲಿ ‘ಜಾಖ್‌ಲಿಶ್’ ಎಂಬುದು ಮೆಚ್ಚುಗೆಯ ಪದ: ವ್ಯಕ್ತಿಯನ್ನು ಬದಿಗಿಟ್ಟು ವಿಷಯವನ್ನಷ್ಟೇ ಹಿಡಿದು ಮಾತನಾಡುವುದು ಎಂದರ್ಥ. ಕೆಲಸವನ್ನು ಟೀಕಿಸಿದರೆ ಮಾಡಿದವನನ್ನು ಟೀಕಿಸಿದಂತಾಗುವುದಿಲ್ಲವೆಂಬುದು ಅಲ್ಲಿಯ ರೂಢಿ. ನಮಗೆ ಅವೆರಡನ್ನು ಬೇರ್ಪಡಿಸುವುದು ಅಷ್ಟು ಸುಲಭವಲ್ಲ, ಅದರಲ್ಲಿ ತಪ್ಪೇನೂ ಇಲ್ಲ. ‘ಇಂಥ ವಿಷಯವನ್ನು ಮೊದಲು ನನ್ನೊಬ್ಬನಿಗೆ ಹೇಳಿದರೆ ಸರಿಪಡಿಸಿಕೊಳ್ಳುವುದು ಸುಲಭ’ ಎಂದು ನೀವು ಅವರಿಗೆ ನೇರವಾಗಿಯೇ ಹೇಳಬಹುದು. ಹೊಂದಿಕೊಳ್ಳುವ ಹೊಣೆ ಯಾವಾಗಲೂ ಬೆಂಗಳೂರಿನದೇ ಆಗಬೇಕಿಲ್ಲ.

ಮುಂದಿನ ಸಲ ಹೀಗೆ ಬರೆದು ನೋಡಿ: ‘ಶುಕ್ರವಾರ ನಿಮ್ಮ ಸಂಜೆ 5 ಗಂಟೆಗೆ 40 ಟೆಸ್ಟ್ ಕೇಸ್‌ಗಳಲ್ಲಿ 25 ಮುಗಿದಿರುತ್ತವೆ. ಉಳಿದ 15ಕ್ಕೆ ಹೊಸ ಬಿಲ್ಡ್ ಬುಧವಾರ ನನ್ನ ಕೈಸೇರಬೇಕು. ಸೇರದಿದ್ದರೆ ಅವು ಮುಂದಿನ ಮಂಗಳವಾರಕ್ಕೆ ಹೋಗುತ್ತವೆ.’ ಇದರಲ್ಲಿ ಎಲ್ಲಿಯೂ ‘ಇಲ್ಲ’ ಎಂಬ ಪದವಿಲ್ಲ, ಆದರೆ ಆಗದಿರುವುದೆಲ್ಲ ಇದೆ. ‘ನಿಮ್ಮ ಸಂಜೆ’ ಎಂಬುದನ್ನು ಬಿಡಬೇಡಿ. ಸ್ಟುಟ್‌ಗಾರ್ಟ್‌ನ ಸಂಜೆ 5 ಗಂಟೆ ಬೆಂಗಳೂರಿಗೆ ಚಳಿಗಾಲದಲ್ಲಿ ರಾತ್ರಿ 9.30, ಬೇಸಿಗೆಯಲ್ಲಿ 8.30. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕಡೆಯ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ, ನಮ್ಮದು ಬದಲಾಗುವುದಿಲ್ಲ.

ಪತ್ರದ ಕೊನೆಯಲ್ಲಿ, ಕಾಲ್‌ನಲ್ಲಿ ‘ಐ ಹ್ಯಾವ್ ಎ ಡೌಟ್’ ಎಂದಾಗಲೆಲ್ಲ ಅವರ ಮುಖ ಗಂಟಿಕ್ಕುತ್ತದೆ ಎಂದು ಬರೆದಿದ್ದೀರಿ. ನಮಗೆ ಡೌಟ್ ಎಂದರೆ ಶಾಲೆಯಲ್ಲಿ ಮೇಷ್ಟ್ರನ್ನು ಕೈಯೆತ್ತಿ ಕೇಳುವ ಪ್ರಶ್ನೆ. ಅವರಿಗೆ ಅದು ‘ನೀವು ಹೇಳುತ್ತಿರುವುದು ನನಗೆ ನಂಬಿಕೆಯಾಗುತ್ತಿಲ್ಲ’ ಎಂದು ಕೇಳಿಸುತ್ತದೆ. ‘ಕ್ವೆಶ್ಚನ್’ ಎನ್ನಿ, ಗಂಟು ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆಯಿದೆ, ವಾಹನಗಳ ಬಿಡಿಭಾಗ ತಯಾರಿಸುತ್ತೇವೆ. ಜಪಾನಿನ ಕಂಪನಿಯವರು ಬಂದು ಎಲ್ಲವನ್ನೂ ನೋಡಿ, ಪ್ರತಿ ಮಾತಿಗೂ ‘ಹಾಯ್, ಹಾಯ್’ ಎಂದು ತಲೆದೂಗಿ, ಕೊಟೇಶನ್ ಪಡೆದು ‘ಪರಿಶೀಲಿಸುತ್ತೇವೆ’ ಎಂದು ಹೋದರು. ಮೂರು ತಿಂಗಳಾಯಿತು, ಸುದ್ದಿಯಿಲ್ಲ. ಏನೆಂದು ತಿಳಿಯಲಿ?
— ಓದುಗರು, ಪೀಣ್ಯ

ಉತ್ತರ: ಮೇಲಿನ ಪತ್ರದ ಓದುಗರು ಜರ್ಮನಿಯವರ ಎದುರು ಇದ್ದ ಜಾಗದಲ್ಲಿ ಈಗ ಜಪಾನಿನವರು ನಿಮ್ಮೆದುರು ಇದ್ದಾರೆ. ಆ ‘ಹಾಯ್’ ಎಂಬ ಪದಕ್ಕೆ ‘ಹೌದು’ ಎಂಬ ಅರ್ಥ ಇದೆಯಾದರೂ ಮಾತುಕತೆಯ ನಡುವೆ ಅದು ಬಹಳ ಸಲ ‘ಕೇಳಿಸಿಕೊಳ್ಳುತ್ತಿದ್ದೇನೆ, ಮುಂದುವರಿಸಿ’ ಎಂಬುದಕ್ಕೆ ಸಮ. ನಮ್ಮಲ್ಲಿ ಕಥೆ ಕೇಳುವವರು ‘ಹ್ಞೂಂ’ಗುಟ್ಟುತ್ತಾರಲ್ಲ, ಹಾಗೆ. ‘ಪರಿಶೀಲಿಸುತ್ತೇವೆ’ ಎಂಬರ್ಥದ ‘ಕೆನ್‌ತೋ ಶಿಮಾಸು’ ಎಂಬ ಮಾತೂ ಅಲ್ಲಿ ಅನೇಕ ವೇಳೆ ಸೌಜನ್ಯದ ನಿರಾಕರಣೆ.

ಆದರೆ ಮೌನವೆಲ್ಲ ನಿರಾಕರಣೆಯೇ ಎಂದುಕೊಳ್ಳಬೇಡಿ. ಅಲ್ಲಿ ‘ನೆಮಾವಾಶಿ’ ಎಂಬ ಪದ್ಧತಿಯಿದೆ. ಮರವನ್ನು ಬೇರೆಡೆ ನೆಡುವ ಮುನ್ನ ಬೇರಿನ ಸುತ್ತ ಮೆಲ್ಲಗೆ ಅಗೆದು ಸಿದ್ಧಪಡಿಸುವ ತೋಟಗಾರರ ಮಾತು ಅದು. ಔಪಚಾರಿಕ ಸಭೆಗೆ ಮೊದಲೇ ಸಂಬಂಧಪಟ್ಟವರನ್ನೆಲ್ಲ ಒಬ್ಬೊಬ್ಬರಾಗಿ ಕಂಡು ಒಪ್ಪಿಗೆ ಪಡೆಯುವುದಕ್ಕೆ ಈ ಹೆಸರು. ಇದಕ್ಕೆ ಕಾಲ ಹಿಡಿಯುತ್ತದೆ, ಹೊರಗಿನವರಿಗೆ ಏನೂ ಕಾಣುವುದಿಲ್ಲ. ‘ಆರ್ಡರ್ ಕೊಡುತ್ತೀರಾ, ಇಲ್ಲವಾ?’ ಎಂದು ಕೇಳಿದರೆ ಅವರನ್ನು ಇಕ್ಕಟ್ಟಿಗೆ ತಳ್ಳಿದಂತೆ. ‘ನಮ್ಮ ತಪಾಸಣೆಯ ವಿಧಾನದಲ್ಲಿ ಯಾವುದನ್ನು ಇನ್ನಷ್ಟು ಸುಧಾರಿಸಬೇಕು?’ ಎಂದು ಕೇಳಿ. ವಿವರವಾದ ಉತ್ತರ ಬಂದರೆ ವಿಷಯ ಜೀವಂತವಾಗಿದೆ. ಬರಿಯ ಧನ್ಯವಾದ ಬಂದರೆ ಬೇರೆ ಗಿರಾಕಿಯನ್ನು ಹುಡುಕಿಕೊಳ್ಳಿ.

ಆರ್ಡರ್ ಬಂದರೆ ‘ಹೋ-ರೆನ್-ಸೋ’ ಎಂಬ ಪದ ಕಿವಿಗೆ ಬೀಳುತ್ತದೆ. ವರದಿ, ಸಂಪರ್ಕ, ಸಮಾಲೋಚನೆ ಎಂಬರ್ಥದ ಮೂರು ಜಪಾನಿ ಪದಗಳ ಮೊದಲ ಭಾಗಗಳನ್ನು ಸೇರಿಸಿದ್ದು. ಪಾಲಕ್ ಸೊಪ್ಪಿಗೂ ಅಲ್ಲಿ ಅದೇ ಹೆಸರಾದ್ದರಿಂದ ಯಾರೂ ಮರೆಯುವುದಿಲ್ಲ. ಒಂದು ಲಾಟ್‌ನಲ್ಲಿ ಅಳತೆ ತಪ್ಪಿದ್ದರೆ ರಾತ್ರೋರಾತ್ರಿ ಸರಿಮಾಡಿ ಕಳುಹಿಸೋಣವೆಂಬ ನಮ್ಮ ಹುಮ್ಮಸ್ಸು ಅಲ್ಲಿ ಗುಣವೆನಿಸುವುದಿಲ್ಲ. ತಪ್ಪು ಕಂಡ ಗಳಿಗೆಯಲ್ಲೇ ಫೋನ್ ಮಾಡಿ ತಿಳಿಸಿ.

ಪ್ರಶ್ನೆ: ಮದುವೆಯ ನಂತರ ಜರ್ಮನಿಗೆ ಬಂದು ಕೆಲಸಕ್ಕೆ ಸೇರಿದ್ದೇನೆ. ಪಾಸ್‌ಪೋರ್ಟ್‌ನಲ್ಲಿ ಕುಲನಾಮದ ಜಾಗದಲ್ಲಿ ತಂದೆಯ ಹೆಸರಿದೆ. ಕಚೇರಿಯಲ್ಲಿ ಎಲ್ಲರೂ ಅದಕ್ಕೆ ‘ಫ್ರಾವ್’ ಸೇರಿಸಿ ಕರೆಯುತ್ತಾರೆ. ನಮ್ಮಪ್ಪನನ್ನೇ ಶ್ರೀಮತಿ ಮಾಡಿಬಿಟ್ಟರಲ್ಲ ಎಂದು ನಗುವೂ ಬರುತ್ತದೆ, ಬೇಸರವೂ ಆಗುತ್ತದೆ.
— ಓದುಗರು, ಮೂಲ ಊರು ಧಾರವಾಡ

ಉತ್ತರ: ಅವರು ಗೌರವದಿಂದಲೇ ಕರೆಯುತ್ತಿದ್ದಾರೆ, ಪರಿಚಯ ಗಟ್ಟಿಯಾಗುವವರೆಗೆ ಕುಲನಾಮದಿಂದ ಕರೆಯುವುದು ಅಲ್ಲಿಯ ಮರ್ಯಾದೆ. ಊರಿನ ಹೆಸರೋ ತಂದೆಯ ಹೆಸರೋ ಇನಿಷಿಯಲ್ ಆಗಿ ಮುಂದೆ ನಿಲ್ಲುವ ನಮ್ಮ ಪದ್ಧತಿ ಅವರಿಗೆ ತಿಳಿದಿರುವುದಿಲ್ಲ. ದಾಖಲೆಗಳಲ್ಲಿ ಇರುವಂತೆಯೇ ಇರಲಿ, ಸಂಬಳದ ಚೀಟಿಗೂ ಬ್ಯಾಂಕಿಗೂ ಅದೇ ಬೇಕು. ಇಮೇಲ್ ಸಹಿಯ ಕೆಳಗೆ ಮಾತ್ರ ‘ನನ್ನನ್ನು ಕರೆಯುವ ಹೆಸರು ಇದು’ ಎಂದು ಒಂದು ಸಾಲು ಸೇರಿಸಿ, ಮತ್ತು ಊಟದ ವಿರಾಮದಲ್ಲಿ ಒಮ್ಮೆ ಅಪ್ಪನ ಕಥೆ ಹೇಳಿಬಿಡಿ.