ಕೋಪ ಬಂದರೆ ಪ್ರೀತಿ ಸುಳ್ಳಾ?

ತಮ್ಮನಿಗೆ ಎಷ್ಟು ಮಾಡಿದರೂ ಒಂದು ಒಳ್ಳೆ ಮಾತಿಲ್ಲ, ಒಳಗೊಳಗೇ ಕೋಪ ಬರುತ್ತದೆ, ನನ್ನ ಪ್ರೀತಿ ಸುಳ್ಳಾ ಅಂತ ಕೇಳಿದ್ದೀರಿ. ನನಗೆ ಹಾಗನಿಸುವುದಿಲ್ಲ. ಬೈಬಲ್‌ನಲ್ಲಿ ಲೂಕ 6:27-28 ನೋಡಿ. ಶತ್ರುಗಳನ್ನು ಪ್ರೀತಿಸಿ ಅಂದ ಯೇಸು, ಹೇಗೆ ಅಂತಲೂ ಹೇಳುತ್ತಾನೆ. ಒಳ್ಳೆಯದು ಮಾಡಿ, ಆಶೀರ್ವದಿಸಿ, ಪ್ರಾರ್ಥಿಸಿ. ಎಲ್ಲವೂ ಮಾಡುವ ಕೆಲಸಗಳೇ, ಅಲ್ವಾ? ಡಚ್ ಕ್ರೈಸ್ತ ಮಹಿಳೆ ಕೋರಿ ಟೆನ್ ಬೂಮ್ ಎದುರು 1947ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ, ಅವರು ಕೈದಿಯಾಗಿದ್ದ ನಾಜಿ ಶಿಬಿರದ ಹಳೇ ಕಾವಲುಗಾರ ಕ್ಷಮೆ ಕೇಳಿ ಕೈ ಚಾಚಿದ. ಆಗ ಅವರಿಗೂ ಪ್ರೀತಿ ಉಕ್ಕಲಿಲ್ಲ. ಪ್ರಾರ್ಥಿಸಿ ಕೈ ಮಾತ್ರ ಮುಂದೆ ಮಾಡಿದರು. ಮನಸ್ಸು ಆಮೇಲೆ ಕರಗಿತು.

ಹಾಗಂತ ತಮ್ಮ ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಕಿಲ್ಲ. ಕುಡಿತಕ್ಕೆ ದುಡ್ಡು ಕೇಳಿದರೆ ಸುಮ್ನೆ ಕೊಡಬೇಡಿ, ಅದು ಪ್ರೀತಿಯಲ್ಲ. ಮಾಡಿದ ಉಪಕಾರವನ್ನು ಮನೆಯವರ ಮುಂದೆ ಎತ್ತಿ ಆಡುವುದನ್ನು ಮೊದಲು ಬಿಟ್ಟು ನೋಡಿ. ಕೊಡುವುದಕ್ಕಿಂತ ಅದೇ ಜಾಸ್ತಿ ಕಷ್ಟ.