ಕಾಲೇಜಿನ ಸೈನ್ಸ್ ಕ್ಲಾಸಿಗೆ ಮೊದಲೇ ಪಾಠದ ಉದಾಹರಣೆ ಬರೆದ ಚೀಟಿ ವಿಂಗಡಿಸಲು ಕೊಟ್ಟರೆ ನಿಜಕ್ಕೂ ಉಪಯೋಗ ಇದೆಯಾ?

ಇದೆ. ಆದರೆ ಎಲ್ಲರೂ ಸರಿಯಾಗಿ ವಿಂಗಡಿಸಿಕೊಂಡು ಬರಲಿ ಅಂತ ಕೊಟ್ಟರೆ ಇಲ್ಲ. ತಪ್ಪು ಮಾಡಿಕೊಂಡು ಬಂದ ದಿನವೇ ಕ್ಲಾಸು ಕಳೆ ಕಟ್ಟೋದು.

ನಾನು ಡಿಗ್ರಿ ಮೊದಲ ವರ್ಷಕ್ಕೆ ಬಯಾಲಜಿ ಹೇಳಿಕೊಡುತ್ತೇನೆ. "ಪಾಠ ಓದಿಕೊಂಡು ಬನ್ನಿ" ಅಂದರೆ ಯಾರೂ ಓದಲ್ಲ, ನಿಮಗೂ ಗೊತ್ತಲ್ವಾ. ಅದಕ್ಕೇ ಕೋಶಪೊರೆಯ (ಕೋಶದ ಸುತ್ತಲಿನ ತೆಳು ಪದರ, ಒಳಗೆ ಹೊರಗೆ ಹೋಗೋದೆಲ್ಲ ಇದನ್ನೇ ದಾಟಬೇಕು) ಪಾಠದ ಹಿಂದಿನ ದಿನ 12 ಚೀಟಿ ಕೊಡುತ್ತೇನೆ: ಬೇರು ನೀರು ಹೀರುವುದು, ಬೇರು ನೈಟ್ರೇಟ್ ಎಳೆದುಕೊಳ್ಳುವುದು, ಶುದ್ಧ ನೀರಿಗೆ ಬಿದ್ದ ಕೆಂಪು ರಕ್ತಕಣ ಒಡೆಯುವುದು, ನರಕೋಶ ಸೋಡಿಯಂ ಹೊರಗೆ ತಳ್ಳುವುದು, ಹೀಗೆ. ನಿಮಗೆ ತೋಚಿದ ಹಾಗೆ ಗುಂಪು ಮಾಡಿ, ಗುಂಪಿಗೆ ನೀವೇ ಹೆಸರಿಡಿ, ಫೋಟೋ ಕಳಿಸಿ, ಅಷ್ಟೇ.

ಹೆಚ್ಚಿನವರು ಗಿಡದ್ದೆಲ್ಲ ಒಂದು ಕಡೆ, ಪ್ರಾಣಿಯದ್ದೆಲ್ಲ ಇನ್ನೊಂದು ಕಡೆ ಇಡುತ್ತಾರೆ. ಇದೇನೂ ಹೊಸದಲ್ಲ. 1981ರಲ್ಲೇ ಕಲಿಕೆಯ ಬಗ್ಗೆ ಸಂಶೋಧನೆ ಮಾಡುವ ಮಿಷಲೀನ್ ಚಿ ಮತ್ತು ಜೊತೆಗಾರರು ಫಿಸಿಕ್ಸ್ ಲೆಕ್ಕಗಳನ್ನು ಹೀಗೆ ವಿಂಗಡಿಸಲು ಕೊಟ್ಟಿದ್ದರು. ಹೊಸಬರು ಇಳಿಜಾರಿನ ಲೆಕ್ಕ, ಸ್ಪ್ರಿಂಗಿನ ಲೆಕ್ಕ ಅಂತ ಕಣ್ಣಿಗೆ ಕಂಡದ್ದನ್ನು ಹಿಡಿದು ಬೇರೆ ಮಾಡಿದರು, ಪಳಗಿದವರು ಶಕ್ತಿ ಸಂರಕ್ಷಣೆ, ನ್ಯೂಟನ್ನನ ಎರಡನೇ ನಿಯಮ ಅಂತ ಒಳಗಿನ ತತ್ವ ನೋಡಿದರು.

ಮರುದಿನ ಎರಡು ಫೋಟೋ ಹೆಸರಿಲ್ಲದೆ ತೋರಿಸಿ, "ಯಾವುದಕ್ಕೆ ಎಟಿಪಿ ಖರ್ಚಾಗುತ್ತದೆ?" (ಎಟಿಪಿ ಅಂದರೆ ಕೋಶದ ಕೆಲಸಗಳಿಗೆ ಶಕ್ತಿ ಕೊಡುವ ಅಣು) ಅಂತ ಕೇಳಿ ಸುಮ್ನೆ ನಿಲ್ಲುತ್ತೇನೆ. ಪಕ್ಕದವರ ಜೊತೆ ಮತ್ತೆ ಜೋಡಿಸಲು ಶುರು. ಜಗಳ ಹತ್ತುವುದು ಮಾತ್ರ ಪ್ರತಿ ಸಲ ಒಂದೇ ಚೀಟಿಗೆ: ಸಣ್ಣ ಕರುಳು ಗ್ಲೂಕೋಸ್ ಹೀರುವುದು. ಗ್ಲೂಕೋಸ್ ಅಲ್ಲಿ ಸೋಡಿಯಂ ಜೊತೆ ಒಳಗೆ ಬರುತ್ತದೆ, ಆ ಹೆಜ್ಜೆಗೆ ನೇರವಾಗಿ ಎಟಿಪಿ ಬೇಡ, ಆದರೆ ಸೋಡಿಯಂ ಹಾಗೆ ಒಳಗೆ ನುಗ್ಗಬೇಕಾದರೆ ಪೊರೆಯಲ್ಲಿರುವ ಸೋಡಿಯಂ ಪಂಪು ಅದನ್ನು ಮೊದಲೇ ಹೊರಗೆ ಹಾಕಿರಬೇಕು, ಪಂಪಿಗೆ ಎಟಿಪಿ ಬೇಕೇ ಬೇಕು. ಒಮ್ಮೆ ಒಬ್ಬಳು ಆ ಚೀಟಿಯನ್ನು ಹರಿದು ಎಟಿಪಿ ಬೇಕಾದ, ಬೇಡದ ಎರಡೂ ಗುಂಪಿಗೆ ಅರ್ಧರ್ಧ ಇಟ್ಟಳು. ಅದಕ್ಕಿಂತ ಒಳ್ಳೆ ಉತ್ತರ ನನ್ನ ಹತ್ತಿರವೂ ಇರಲಿಲ್ಲ.

ನಾನು ಕೆಡಿಸಿದ್ದೂ ಇದೆ. ಮೊದಲ ಸಲ ಗುಂಪಿನ ಹೆಸರು ನಾನೇ ಕೊಟ್ಟೆ, ಅದು ಹೊಂದಿಸಿ ಬರೆಯಿರಿ ಆಗಿಹೋಯಿತು. ಇನ್ನೊಂದು ಸಲ ಸರಿ ಉತ್ತರಕ್ಕೆ ಮಾರ್ಕ್ಸ್ ಇಟ್ಟೆ. ಎಲ್ಲರ ಫೋಟೋ ಒಂದೇ ಥರ! ಟೇಬಲ್ ಮೇಲಿನ ಪೆನ್ನು ಕೂಡ ಅದೇ. ಈಗ ಕಳಿಸಿದ್ದಕ್ಕಷ್ಟೇ ಮಾರ್ಕ್ಸ್.

ಎರಡು ಚೀಟಿಯಾದರೂ ಯಾವ ಗುಂಪಿಗೂ ಸಲೀಸಾಗಿ ಕೂರದಂಥವು ಇರಲಿ. ಅವನ್ನು ಹುಡುಕಿ ಬರೆಯೋದಕ್ಕೇ ಜಾಸ್ತಿ ಹೊತ್ತು ಹೋಗುತ್ತದೆ. ಬರೀ ಭಾಗಗಳ ಹೆಸರು ಕಲಿಸುವ ಪಾಠಕ್ಕಂತೂ ಇದು ಬೇಡ, ಅಲ್ಲಿ ವಾದ ಮಾಡಲು ಏನೂ ಸಿಗಲ್ಲ.