ಮೊದಲು ಯಾವುದಕ್ಕ ರೊಕ್ಕ ಹಾಕ್ಲಿ?

ಪ್ರಶ್ನೆ: ವಿಜಯಪುರದವ ನಾನು. ಯುರೋಪಿನ ಟ್ರಾನ್ಸ್‌ಕಾಂಟಿನೆಂಟಲ್‌ನಂಥಾ ಬೈಕ್‌ಪ್ಯಾಕಿಂಗ್ ರೇಸ್ (ಸಾಮಾನೆಲ್ಲಾ ಸೈಕಲ್ಲಿಗೇ ಕಟ್ಕೊಂಡು ಹೊಡಿಯೋ ದೂರದ ರೇಸು) ಒಮ್ಮೆ ಹೊಡೀಬೇಕಂತ ಆಸೆ, ಆದ್ರ ಕಾರ್ಬನ್ ಸೈಕಲ್ಲು, ಬ್ಯಾಗು, ಡೈನಮೋ (ಚಕ್ರ ತಿರಗಿದಂಗ ಕರೆಂಟ್ ಮಾಡೋದು) ಇವುಗಳ ರೇಟ್ ನೋಡಿ ತಲಿ ತಿರಗಾಕತ್ತೈತಿ. ಏನ್ ತಗೊಳ್ಳಿ?

ಉತ್ತರ: ಕಾರ್ಬನ್ ಸದ್ಯ ಮರೀರಿ. ಆ ರೇಸು ಸುಮಾರು 4000 ಕಿಮೀ, ಹೊರಗಿನ ಸಹಾಯ ತಗೊಳ್ಳಂಗಿಲ್ಲ, ಹಂಗಾಗಿ ಹಗುರಕ್ಕಿಂತ ರಸ್ತ್ಯಾಗ ನೀವ ರಿಪೇರಿ ಮಾಡ್ಕೊಳ್ಳೋವಂಥಾ ಸೈಕಲ್ ಮುಖ್ಯರೀ. ಮೊದಲ ರೊಕ್ಕ ಸೀಟಿಗೆ, ಟೈರಿಗೆ. ನಮ್ಮ ಕಡೆ ಜಾಲಿಮುಳ್ಳು ಗೊತ್ತಲ್ಲ, ಟ್ಯೂಬ್‌ಲೆಸ್ ಟೈರ್ ಹಾಕಿ ಒಳಗ ಸೀಲಂಟ್ (ತೂತು ಮುಚ್ಚೋ ದ್ರವ) ಹುಯ್ರಿ, ಆದ್ರ ಈ ಬಿಸಲಿಗೆ ಅದು ಲಗೂನ ಒಣಗ್ತೈತಿ, ತಗದು ನೋಡ್ಕೋತ ಇರ್ರಿ. ಲೈಟಿನ್ಯಾಗ ಜಿಪುಣತನ ಬ್ಯಾಡ, ನನ್ನ ಸಸ್ತಾ ಲೈಟ್ ಒಮ್ಮೆ ರಾತ್ರಿ ಎರಡಕ್ಕ ಆರಿ, ಕಬ್ಬಿನ ಗದ್ದಿ ಬಾಜೂಕ ಬೆಳಗಾಗೂ ತನಕ ಕುಂತಿದ್ದೆ! ಡೈನಮೋ ಆಮ್ಯಾಲ ನೋಡೂಣು, ಪವರ್‌ಬ್ಯಾಂಕ್ ಸಾಕು. ಬ್ಯಾಗ್ ದೋಸ್ತರ ಕಡೆ ಇಸ್ಕೊರಿ, ತುಂಬಿ ಬಾದಾಮಿಗೆ ಹೋಗಿ ಬರ್ರಿ, ಸೀಟಿನ ಹಿಂದಿಂದು ಬಾಲದಂಗ ಅಳ್ಳಾಡಿದ್ರ ಭಾರದ್ದೆಲ್ಲಾ ಸೀಟಿನ ಕಡೆ ಒಳಗ ದೂಡಿ ಬೆಲ್ಟ್ ಬಿಗೀರಿ. ಆಮ್ಯಾಲ 200 ಕಿಮೀ ಬ್ರೆವೆ (ಗೊತ್ತುಮಾಡಿದ ವ್ಯಾಳ್ಯಾದಾಗ ಮುಗಸೋ ದೂರದ ಸೈಕಲ್ ಸವಾರಿ) ಹದಿಮೂರೂವರಿ ತಾಸಿನ್ಯಾಗ ಮುಗಸ್ರಿ, ಯಾವ ಸಾಮಾನು ಮುಟ್ಟಲೇ ಇಲ್ಲೋ ಅದನ್ನ ಮನ್ಯಾಗ ಬಿಡ್ರಿ. ಶೇಂಗಾ ಹೋಳಿಗಿ ಮಾತ್ರ ಬಿಡಬ್ಯಾಡ್ರಿ.